ಹನ್ನೊಂದು ತುತ್ತು

ಗಾಳಿಗೆದ್ದಲು ಬಂದು ಆಕಾಶ ಖಾಲಿಯಾಗಿ ಆರು ವರ್ಷವಾಗಿತ್ತು.

ಹೆಸರು ಗೆದ್ದಲು ಎಂದಿದ್ದರೂ ಅದು ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ಗದುಗಿನ ಆಚೆಯ ಗುಡ್ಡಗಳಲ್ಲಿ ಕೆಲಸ ಮುಗಿಸಿದ ಗಾಳಿಯಂತ್ರಗಳ ರೆಕ್ಕೆಗಳು ರಾಶಿ ಬಿದ್ದಿದ್ದವು. ಸುಟ್ಟರೆ ವಿಷದ ಹೊಗೆ, ಹೂತರೆ ನೂರು ವರ್ಷವಾದರೂ ಕರಗುವುದಿಲ್ಲ. ಆ ರೆಕ್ಕೆಗಳ ನಾರನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ರಾಳವನ್ನು ತಿಂದು ಬದುಕುವ ಜೀವಿಯೊಂದನ್ನು ಪ್ರಯೋಗಾಲಯದಲ್ಲಿ ಸಾಕಿ ಬಿಟ್ಟರು. ಅದು ಹೇಳಿದ ಕೆಲಸವನ್ನು ಚೆನ್ನಾಗಿ ಮಾಡಿತು. ಆಮೇಲೆ ಹೇಳದ ಕೆಲಸಕ್ಕೂ ಹೊರಟಿತು. ಧೂಳಿನ ಬೆನ್ನೇರಿ ಮೇಲೆ ಹೋಯಿತು, ಮೋಡದ ಜೊತೆ ದೇಶ ಸುತ್ತಿತು. ಆ ಹೊತ್ತಿಗೆ ಜಗತ್ತಿನ ವಿಮಾನಗಳೆಲ್ಲ ಅಂಥದೇ ನಾರು, ಅಂಥದೇ ರಾಳದಿಂದ ಆಗಿದ್ದವು. ಒಂದು ಮುಂಜಾನೆ ಯಾವುದೋ ನಿಲ್ದಾಣದಲ್ಲಿ ತಪಾಸಣೆಯವನೊಬ್ಬ ರೆಕ್ಕೆಯ ಮೇಲೆ ಹೆಬ್ಬೆರಳು ಒತ್ತಿದ. ನೆನೆದ ಹಪ್ಪಳದಂತೆ ಅಲ್ಲಿ ತಗ್ಗು ಬಿತ್ತು. ಒಂದೇ ತಿಂಗಳಲ್ಲಿ ಎಲ್ಲ ವಿಮಾನಗಳೂ ನೆಲ ಹಿಡಿದವು.

ಮನೆಗಳಿಗೆ ಅದರಿಂದ ಅಂಥ ತೊಂದರೆಯೇನೂ ಆಗಲಿಲ್ಲ. ಚಾವಣಿಯ ಮೇಲಿನ ನೀರಿನ ತೊಟ್ಟಿಗಳು ಸೋರಿದವು, ಬಚ್ಚಲ ಬಾಗಿಲುಗಳು ಪದರು ಬಿಟ್ಟವು. ಜನ ಅಟ್ಟದಿಂದ ಹಂಡೆ, ಕೊಳಗ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ದೂರದ ಪ್ರಯಾಣಕ್ಕೆ ರೈಲಿತ್ತು, ಹಡಗಿತ್ತು. ಕಾಯಲು ಬಾರದ ಕೆಲವು ಸಂಗತಿಗಳಿಗೆ ಮಾತ್ರ ದಾರಿ ಇಲ್ಲದಾಯಿತು.

ಅಂಥವುಗಳಲ್ಲಿ ಒಂದು ಹುಬ್ಬಳ್ಳಿಯ ಔಷಧ. ರಕ್ತದ ಕಾಯಿಲೆಯ ಮಕ್ಕಳಿಗಾಗಿ ಅವರವರ ಜೀವಕೋಶವನ್ನೇ ತಂದು, ತಿದ್ದಿ, ಬೆಳೆಸಿ ಮರಳಿ ಕೊಡುವ ಪ್ರಯೋಗಾಲಯ ಆ ಊರಿನಲ್ಲಿತ್ತು. ಬೆಳೆದ ಕೋಶಗಳು ಪೆಟ್ಟಿಗೆಯಲ್ಲಿ ಒಂಬತ್ತು ಗಂಟೆ ಬದುಕುತ್ತಿದ್ದವು. ಬೀದರಿನ ಆಸ್ಪತ್ರೆಗೆ ರಸ್ತೆಯಲ್ಲಿ ಹತ್ತು ಗಂಟೆಯ ದಾರಿ.

ಈ ಒಂದು ಗಂಟೆಯ ಅಂತರವನ್ನು ತುಂಬಲು ಡಕೋಟ ಬಂತು. ವಸ್ತುಸಂಗ್ರಹಾಲಯವೊಂದರ ಅಂಗಳದಲ್ಲಿ ಮಕ್ಕಳು ಹತ್ತಿ ಇಳಿದು ಆಡುತ್ತಿದ್ದ, ನೂರು ವರ್ಷ ದಾಟಿದ, ಎರಡು ಪಂಖದ ಸರಕು ವಿಮಾನ ಅದು. ಕೆಟ್ಟು ನಿಂತ ಬಸ್ಸಿಗೆಲ್ಲ ಡಕೋಟ ಎಂದು ಹೆಸರಿಟ್ಟು ನಗುವ ಊರಿನಲ್ಲಿ ನಿಜವಾದ ಡಕೋಟ ಮೇಲೆ ಹಾರತೊಡಗಿದಾಗ ಜನ ಸುಮ್ಮನಾದರು. ಅದರಲ್ಲಿ ರಾಳ ಎಂಬುದೇ ಇರಲಿಲ್ಲ. ಮೈಯೆಲ್ಲ ಅಲ್ಯುಮಿನಿಯಂ ತಗಡು, ಲಕ್ಷಗಟ್ಟಲೆ ರಿವೆಟ್ಟು. ಬಾಲದ ಚುಕ್ಕಾಣಿ ಮತ್ತು ರೆಕ್ಕೆಯ ಹಿಂದಂಚಿಗೆ ಬಾಗಿಲಿನಂತೆ ತಿರುಗಣಿಗೆ ಸಿಕ್ಕಿಸಿದ ಐಲರಾನ್ ಎಂಬ ಪಟ್ಟಿಗಳಿಗೆ ಮಾತ್ರ ತಗಡಿರಲಿಲ್ಲ. ತಗಡಿನ ಹಂದರದ ಮೇಲೆ ಹತ್ತಿಬಟ್ಟೆ ಹೊದಿಸಿ, ಕೈಯಲ್ಲಿ ಹೊಲಿದು, ವಾರ್ನಿಶಿನಂಥ ಒಂದು ದ್ರವ ಬಳಿದು ಚರ್ಮವಾದ್ಯದಂತೆ ಬಿಗಿ ಮಾಡಬೇಕಿತ್ತು. ಅದನ್ನು ಮಾಡಬಲ್ಲವರು ಯಾರು ಎಂದು ಹುಡುಕಿದಾಗ ಸಿಕ್ಕವರು ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ಕೌದಿ ಹೊಲಿಯುತ್ತಿದ್ದ ಹನ್ನೊಂದು ಮಂದಿ ಹೆಂಗಸರು. ಅಂಗುಲಕ್ಕೆ ಇಷ್ಟೇ ಹೊಲಿಗೆ ಎಂದರೆ ಅಷ್ಟೇ ಹಾಕುವ ಕೈ ಅವರದಾಗಿತ್ತು.

ಅವರ ಮೇಲ್ವಿಚಾರಕಿ ನೀಲಗಂಗಾ. ಹೊಲಿಗೆ ತರಗತಿ ನಡೆಸುತ್ತಿದ್ದವಳು, ವಿಮಾನದ ಹಳೆಯ ಕೈಪಿಡಿಯನ್ನು ನಿಘಂಟು ಹಿಡಿದು ಓದಿ, ಪರೀಕ್ಷೆ ಕಟ್ಟಿ, ಬಟ್ಟೆ ವಿಭಾಗದ ಮುದ್ರೆ ಪಡೆದಿದ್ದಳು. ಪ್ರತಿ ಪಟ್ಟಿ ಮುಚ್ಚುವ ಮುನ್ನ ಅವಳು ಒಂದು ಕಾಗದಕ್ಕೆ ಸಹಿ ಹಾಕಬೇಕು: ಒಳಗೆ ಬೇರೆ ಯಾವ ವಸ್ತುವೂ ಇಲ್ಲ. ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಫಕೀರವ್ವ ಅವಳ ಅತ್ತೆ. ವಿಮಾನದ ಷೆಡ್ಡಿನಲ್ಲಿ ಸೊಸೆ ಹೇಳಿದಂತೆ ಅತ್ತೆ, ಮನೆಯಲ್ಲಿ ಅತ್ತೆ ಹೇಳಿದಂತೆ ಸೊಸೆ. ಲೆಕ್ಕ ಸರಿಯಾಗಿಯೇ ನಡೆದಿತ್ತು.

ಆ ಗುರುವಾರ ಬೀದರಿನಿಂದ ಮರಳಿದ ಕ್ಯಾಪ್ಟನ್ ಮೃಣಾಲಿನಿ ದೇಸಾಯಿ ಇಳಿದವರೇ ನೇರ ಷೆಡ್ಡಿಗೆ ಬಂದರು.

"ಖತೀಬ ಸಾಹೇಬ್ರ, ಎಡಗಡೆ ಏನೋ ಆಗ್ಯದ. ವೇಗ ನೂರೈವತ್ತು ದಾಟಿದ್ರ ಚಕ್ರ ಕೈಯಾಗ ಜುಮುಜುಮು ಅಂತದ. ಹಲ್ಲಿನ ನೋವು ಸುರು ಆಗೂ ಮುಂದ ಅಂತದಲ್ಲ, ಹಂಗ."

ಎಂಜಿನಿಯರ್ ಖತೀಬರು ಕನ್ನಡಕ ಹಣೆಗೇರಿಸಿದರು. "ಯಾವಾಗಿಂದ್ರಿ ಬಾಯಾರ?"

"ಈ ವಾರದಿಂದ. ಎಡಗಡೆ ಪಟ್ಟಿಗೆ ಹೊಸಾ ಬಟ್ಟಿ ಹೊದಿಸಿದ ಮ್ಯಾಲೆ."

ನೀಲಗಂಗಾ ತಲೆ ಎತ್ತಿದಳು. ದೇಸಾಯಿಯವರ ಮಾತಿನಲ್ಲಿ ದೂರು ಇರಲಿಲ್ಲ. ಹೊಸ ಕಾಲದ ವಿಮಾನಗಳನ್ನು ಇಪ್ಪತ್ತು ವರ್ಷ ಹಾರಿಸಿ ಬಂದವರು ಅವರು. ಅವುಗಳಲ್ಲಿ ಇಂಥ ನಡುಕ ಬಂದರೆ ಗಣಕ ತಾನೇ ಗುಟ್ಟಾಗಿ ತಡೆದುಬಿಡುತ್ತಿತ್ತು, ಚಾಲಕಿಗೆ ಹೇಳುತ್ತಲೇ ಇರಲಿಲ್ಲ. ಇದರಲ್ಲಿ ಚಾಲಕಿಯ ಕೈಯ ಚಕ್ರದಿಂದ ಪಟ್ಟಿಯ ತನಕ ಒಂದು ಉಕ್ಕಿನ ಹಗ್ಗ, ನಾಲ್ಕು ಗಾಲಿ, ಅಷ್ಟೇ. ರೆಕ್ಕೆಯ ತುದಿಗೆ ಏನಾದರೂ ಅದು ಅಂಗೈಗೆ ಬಂದು ಮುಟ್ಟುತ್ತಿತ್ತು. ಅದಕ್ಕೇ ಅವರಿಗೆ ಈ ಮುದಿ ವಿಮಾನದ ಮೇಲೆ ಜೀವ. "ಇದಕ್ಕ ಮುಚ್ಚಿಡ್ಲಿಕ್ಕೆ ಬರೂದಿಲ್ಲ" ಎಂದು ಆಗಾಗ ಹೇಳುತ್ತಿದ್ದರು.

ಪಟ್ಟಿಯನ್ನು ಕಳಚಿ ತೂಕದ ಕೋಣೆಗೆ ತಂದರು. ಎರಡು ಉಕ್ಕಿನ ಅಲಗುಗಳ ಮೇಲೆ ತಿರುಗಣಿ ಕೂರುವಂತೆ ಇಟ್ಟಾಗ ಅದು ತಕ್ಕಡಿಯ ದಂಡಿಯಂತೆ ಸಮನಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಹಿಂದಂಚು ಮೆಲ್ಲಗೆ ಕೆಳಗಿಳಿಯಿತು.

"ಹಿಂದ ಭಾರ ಆಗೈತಿ" ಎಂದರು ಖತೀಬರು. "ತಿರುಗಣಿ ಮುಂದ ಮೂರ ಇಂಚು, ಹಿಂದ ಹದಿನೈದು. ಹಿಂದಿನ ತುದಿಗೆ ಒಂದ ತೊಲಿ ಕೂತ್ರ ಮುಂದ ಐದ ತೊಲಿ ಸೀಸ ಬೇಕು. ಇಲ್ಲಂದ್ರ ಗಾಳಿಯೊಳಗ ಪಟಾಪಟಾ ಬಡಕೊಳ್ಳಾಕ ಹತ್ತತೈತಿ. ಒಮ್ಮೆ ಅದು ಸುರು ಆತಂದ್ರ ರೆಕ್ಕಿ ಕಿತ್ತ ನಿಂದರತೈತಿ." ಅವರು ಸಣ್ಣ ತೂಕಗಳನ್ನು ಇಟ್ಟು ತೆಗೆದು ನೋಡಿದರು. "ಹಿಂದ ಐವತ್ತ ಗ್ರಾಮಿನ ಮ್ಯಾಲ ಐತಿ. ಬಣ್ಣ ದಪ್ಪ ಬಳದೀರೇನ, ನೀಲವ್ವಾರ?"

"ಇಲ್ರಿ. ಲೆಕ್ಕದಾಗ ಬಳದೀವಿ."

"ಹಂಗಾರ ಬಟ್ಟಿನ ದಪ್ಪ ಬಂದಿರಬೇಕು. ಇರ್ಲಿ ಬಿಡ್ರಿ. ಮುಂದ ಸೀಸ ಹಾಕಿ ಸಮಾ ಮಾಡ್ತೀನಿ. ಸೋಮವಾರ ದಿಲ್ಲಿಯಿಂದ ಪರೀಕ್ಷಕರು ಬರ್ತಾರ. ಅಲಗಿನ ಮ್ಯಾಲ ನೆಟ್ಟಗ ನಿಂತ್ರ ಅವರು ಬ್ಯಾರೆ ಏನೂ ಕೇಳಂಗಿಲ್ಲ."

ಸೋಮವಾರವೇ ಬೀದರಿಗೆ ಆರು ಪೆಟ್ಟಿಗೆ ಔಷಧವೂ ಹೋಗಬೇಕಿತ್ತು. ಬೀದರಿನಲ್ಲಿ ಆರು ಮಕ್ಕಳನ್ನು ಅದಕ್ಕಾಗಿ ಸಿದ್ಧ ಮಾಡುತ್ತಿದ್ದರು. ಹಳೆಯ ರಕ್ತಕೋಶಗಳನ್ನು ಔಷಧದಿಂದ ಅಳಿಸಿ, ಹೊಸದಕ್ಕೆ ಜಾಗ ಮಾಡಿ, ಗಾಜಿನ ಕೋಣೆಯಲ್ಲಿ ಮಲಗಿಸಿದ್ದರು. ಇತ್ತ ಪ್ರಯೋಗಾಲಯದಲ್ಲಿ ಕೋಶಗಳು ಬೆಳೆಯುತ್ತಿದ್ದವು. ಎರಡನ್ನೂ ನಾಳೆ ನಾಡಿದ್ದು ಎಂದು ತಳ್ಳುವಂತಿರಲಿಲ್ಲ.

ನೀಲಗಂಗಾ ಮನೆಗೆ ಬಂದಾಗ ಫಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಕೈಕಾಲು ತೊಳೆದು ಒಲೆಯ ಮುಂದೆ ಕೂತು ರೊಟ್ಟಿ ತಿರುವಿ ಹಾಕತೊಡಗಿದಳು. ಐವತ್ತು ಗ್ರಾಂ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಬಟ್ಟೆಯನ್ನು ಅವಳೇ ತೂಗಿದ್ದಳು, ದಾರವನ್ನು ಅವಳೇ ಅಳೆದಿದ್ದಳು.

ಗೋಡೆಯ ಗೂಡಿನಲ್ಲಿ ಅರ್ಧ ಹೊಲಿದ ಕೌದಿ ಮಡಿಸಿಟ್ಟಿತ್ತು. ಅದರ ಒಂದು ಮೂಲೆ ಬಿಚ್ಚಿಕೊಂಡಿತ್ತು. ಕೊನೆಯ ಮೂಲೆ. ಕೌದಿ ಮುಗಿಸುವಾಗ ಆ ಮೂಲೆಯೊಳಗೆ ಒಂದು ತುತ್ತು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುವುದು ಅವರ ಪದ್ಧತಿ. ಕೌದಿ ಹಸಿದಿರಬಾರದು, ಅದರ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ. ಷೆಡ್ಡಿಗೆ ಸೇರಿದ ಮೊದಲ ದಿನವೇ ನೀಲಗಂಗಾ ಹನ್ನೊಂದೂ ಮಂದಿಯನ್ನು ಕೂರಿಸಿಕೊಂಡು, ಇಲ್ಲಿ ಅದು ನಡೆಯುವುದಿಲ್ಲ ಎಂದು ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು.

"ಅತ್ತಿ" ಎಂದಳು. "ಎಡಗಡೆ ಪಟ್ಟಿಯೊಳಗ ಏನರ ಇಟ್ಟೀರೇನ?"

ಬಡಿಯುವ ಕೈ ನಿಲ್ಲಲಿಲ್ಲ. "ರೊಟ್ಟಿ ಹೊತ್ತತೈತಿ, ತಿರುವು."

"ಅತ್ತಿ."

ಫಕೀರವ್ವ ಹಿಟ್ಟಿನ ಕೈಯನ್ನು ಸೆರಗಿನ ಅಂಚಿಗೆ ಒರೆಸಿದಳು. "ಇಷ್ಟ ಇಟ್ಟೀನಿ. ಹುಣಸಿ ಬೀಜದಷ್ಟ. ಇಷ್ಟ ವರ್ಷ ನಿನ್ನ ಮಾತ ಮೀರಿಲ್ಲ ನಾ. ಈ ಸಲ ನಮ್ಮ ಷೆಡ್ಡಿನ ಮೆಹಬೂಬಿ ಮೊಮ್ಮಗಗ ಔಷಧ ಮುಟ್ಟಿಸಿ ಬಂತಲ್ಲ ಅದು, ಕೂಸು ಎದ್ದ ಕುಂತತಿ. ಅಂಥಾದ್ದನ್ನ ಖಾಲಿ ಹೊಟ್ಟೀಲೆ ಹೆಂಗ ಕಳಸೂದು? ಮನಸ ತಡೀಲಿಲ್ಲ."

"ಬ್ಯಾರೆ ಯಾರರ ಇಟ್ಟಾರ?"

"ಛೆ. ನಿನ್ನ ಅಂಜಿಕಿ ಐತಿ ಎಲ್ಲಾರಿಗೂ. ನಾ ಒಬ್ಬಾಕಿನ, ಯಾರಿಗೂ ಕಾಣದಂಗ."

ಹುಣಸೆ ಬೀಜದಷ್ಟು ರೊಟ್ಟಿಯ ಚೂರು ಐವತ್ತು ಗ್ರಾಂ ತೂಗುವುದಿಲ್ಲ. ಆ ಲೆಕ್ಕ ಮಾಡಲು ನೀಲಗಂಗಾಳಿಗೆ ಕಾಗದ ಬೇಕಾಗಲಿಲ್ಲ. ಅವಳು ರೊಟ್ಟಿ ತಿರುವಿದಳು. ಅದು ಆಗಲೇ ಹೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಹಿಂದಿನ ಕೋಣೆಗೆ ಕರೆದು ಕೇಳಿದಳು. ಗದರಿಸಲಿಲ್ಲ, ಗದರಿಸಿದರೆ ಯಾರೂ ಹೇಳುವುದಿಲ್ಲ ಎಂದು ಮಕ್ಕಳನ್ನು ಸಾಕಿದವಳಿಗೆ ಗೊತ್ತಿತ್ತು. ಮೆಹಬೂಬಿ ಮೊದಲು ಬಂದಳು. "ನಾ ಒಂದ ಖರ್ಜೂರ ಇಟ್ಟೀನ್ರಿ ಅಕ್ಕಾರ. ಬೀಜ ತಗದ ಇಟ್ಟೀನಿ, ಭಾರ ಆಗಬಾರ್ದಂತ. ನಾ ಒಬ್ಬಾಕಿನ." ಅವಳ ಹಿಂದೆ ಬಂದವಳು ಹೋಳಿಗೆಯ ಚೂರು ಇಟ್ಟಿದ್ದಳು, ಅವಳೊಬ್ಬಳೇ. ಇನ್ನೊಬ್ಬಳು ಬೆಲ್ಲ ಸವರಿದ ರೊಟ್ಟಿ. ಮತ್ತೊಬ್ಬಳು, ಬರೀ ರೊಟ್ಟಿ ಒಣಗುತ್ತದೆ ಎಂದು ಅದಕ್ಕೆ ಒಂದಿಷ್ಟು ತುಪ್ಪ. ಹನ್ನೊಂದು ಮಂದಿಯೂ ತಾನೊಬ್ಬಳೇ ಎಂದುಕೊಂಡು, ಪಕ್ಕದವಳಿಗೆ ಕಾಣದಂತೆ, ಹಿಂದಂಚಿನ ಕೊನೆಯ ಹೊಲಿಗೆಯೊಳಗೆ ತಮ್ಮ ತಮ್ಮ ತುತ್ತು ಇಟ್ಟಿದ್ದರು. ನೀಲಗಂಗಾ ಪಟ್ಟಿಯ ಒಳಗನ್ನು ದೀಪ ಹಿಡಿದು ನೋಡಿದ್ದು ಆ ಕೊನೆಯ ಹೊಲಿಗೆಗೆ ಮುಂಚೆ. ಆ ಹೊಲಿಗೆ ಮುಗಿಯುವ ತನಕ ನಿಂತು ನೋಡುವ ರೂಢಿಯಿರಲಿಲ್ಲ.

ಕೊನೆಯವಳು ಹೊರಗೆ ಹೋದ ಮೇಲೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಕೂತಳು.

ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದಳು. ಖತೀಬರು ಸೀಸ ಹಾಕುತ್ತಾರೆ. ಪಟ್ಟಿ ಸಮನಾಗಿ ನಿಲ್ಲುತ್ತದೆ. ಪೆಟ್ಟಿಗೆಗಳು ಹೋಗುತ್ತವೆ. ಆದರೆ ರೊಟ್ಟಿ ಸೀಸದಂತೆ ಇದ್ದಲ್ಲಿ ಇದ್ದಷ್ಟೇ ಇರುವ ವಸ್ತುವಲ್ಲ. ಮಳೆಗಾಲದ ಗಾಳಿಗೆ ಉಬ್ಬುತ್ತದೆ, ಬಿಸಿಲಿಗೆ ಒಣಗುತ್ತದೆ, ತುಪ್ಪದ ವಾಸನೆಗೆ ಇಲಿ ಬರುತ್ತದೆ, ಇಲಿಗೆ ಬಟ್ಟೆ ಕಡಿಯಲು ಎರಡು ನಿಮಿಷ ಸಾಕು. ಇವತ್ತು ಸಮನಾದದ್ದು ಇನ್ನೊಂದು ತಿಂಗಳಿಗೆ ಸಮನಾಗಿರುವುದಿಲ್ಲ, ಮತ್ತು ಅದು ಗೊತ್ತಾಗುವುದು ದೇಸಾಯಿಯವರು ಹತ್ತು ಸಾವಿರ ಅಡಿ ಮೇಲಿರುವಾಗ.

ಹೇಳಿದರೆ ಪಟ್ಟಿ ಬಿಚ್ಚಬೇಕು. ಮೂರು ದಿನಕ್ಕೆ ಮುಗಿಯದೆ ಹೋದರೆ ಆರು ಮಕ್ಕಳು ಗಾಜಿನ ಕೋಣೆಯಲ್ಲಿ ಹಳೆಯ ರಕ್ತವೂ ಇಲ್ಲದೆ ಹೊಸದೂ ಇಲ್ಲದೆ ಮಲಗಿರುತ್ತಾರೆ. ಮುಗಿದರೂ ಪರೀಕ್ಷಕರು ಬಾಗಿಲು ಮುಚ್ಚಿಸಬಹುದು. ಒಳಗೆ ಬೇರೇನೂ ಇಲ್ಲ ಎಂಬ ಕಾಗದದ ಕೆಳಗೆ ಅವಳ ಹೆಸರಿತ್ತು.

ಅವಳು ಎದ್ದು ಖತೀಬರ ಬಳಿಗೆ ಹೋದಳು.

ಖತೀಬರು ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಸೀಸದ ತುಂಡನ್ನು ಮೇಜಿನ ಮೇಲಿಟ್ಟರು. "ಹನ್ನೊಂದೂ ಮಂದಿ?"

"ಹೌದ್ರಿ."

"ಒಬ್ಬರಿಗೊಬ್ಬರು ಗೊತ್ತಿಲ್ಲದಂಗ?"

"ಹೌದ್ರಿ."

ಅವರ ಮೀಸೆಯ ತುದಿ ಒಂದು ಕ್ಷಣ ಅಲುಗಿತು, ಆಮೇಲೆ ನಿಂತಿತು. "ನಗೂ ಮಾತಲ್ಲ ಇದು" ಎಂದು ತಮಗೇ ಹೇಳಿಕೊಂಡರು. "ನೀವು ಹೇಳದಿದ್ರ ನಂಗ ತಿಳೀತಿರಲಿಲ್ಲ. ಮುದ್ರಿ ಹೋಗತೈತ್ರಿ ನಿಮ್ದು."

"ಗೊತ್ತೈತ್ರಿ. ಸೋಮವಾರ ಮಧ್ಯಾಹ್ನದೊಳಗ ಹೊಸಾ ಬಟ್ಟಿ ಹೊದಿಸಿ ಕೊಡ್ತೀವಿ. ಬಿಚ್ಚಸ್ರಿ."

ಹೊಲಿಗೆ ಬಿಚ್ಚಿದಾಗ ಹನ್ನೊಂದು ಮಂದಿಯೂ ಸುತ್ತ ನಿಂತಿದ್ದರು. ಹಿಂದಂಚಿನ ಬಟ್ಟೆ ಸರಿದಂತೆ ತುತ್ತುಗಳು ಒಂದೊಂದಾಗಿ ಕಂಡವು, ಒಂದು ಗೇಣಿಗೆ ಒಂದರಂತೆ, ಸಾಲಾಗಿ. ಖತೀಬರು ಚಿಮಟದಿಂದ ತೆಗೆದು ತಟ್ಟೆಗಿಟ್ಟರು. ಐವತ್ತೆರಡು ಗ್ರಾಂ. ಹೆಂಗಸರು ತಟ್ಟೆಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು.

"ನೀನೂ?" ಎಂದಳು ಮೆಹಬೂಬಿ.

"ನೀ ಇಟ್ಟಿ ಅಂತ ಹೇಳಿದ್ರ ನಾ ಯಾಕ ಇಡ್ತಿದ್ನೇ?" ಎಂದಳು ಪಕ್ಕದವಳು.

"ತುಪ್ಪ ಯಾರದವಾ, ಇಷ್ಟ ಸುರುವೀರಿ" ಎಂದಳು ಇನ್ನೊಬ್ಬಳು. "ಮನ್ಯಾಗ ಗಂಡಗರ ಹಾಕ್ತಾಳೋ ಇಲ್ಲೋ."

ಯಾರೋ ನಗಲು ಹೊರಟು ಸೆರಗು ಬಾಯಿಗೆ ಹಿಡಿದರು. ಫಕೀರವ್ವ ನಗಲಿಲ್ಲ. ಅವಳು ಸೊಸೆಯ ಮುಖ ನೋಡುತ್ತಿದ್ದಳು. "ನಿನ್ನ ಕುತ್ತಿಗಿಗೆ ಬಂತೇನ ನೀಲಾ?"

"ಬಂತ್ರಿ" ಎಂದಳು ನೀಲಗಂಗಾ. "ಸೂಜಿ ತಗೋರಿ."

ಮೂರು ದಿನ ಅವರು ಷೆಡ್ಡಿನಲ್ಲೇ ಹೆಚ್ಚು ಹೊತ್ತು ಕಳೆದರು. ಮನೆಗಳಲ್ಲಿ ಗಂಡಸರು ಅನ್ನಕ್ಕಿಟ್ಟರು, ಹೆಣ್ಣುಮಕ್ಕಳು ತಮ್ಮ ಜಡೆ ತಾವೇ ಹಾಕಿಕೊಂಡರು. ನೀಲಗಂಗಾಳ ಮಗಳು ಶನಿವಾರ ಬುತ್ತಿ ತಂದಳು. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು, ರೊಟ್ಟಿ ಹೆಚ್ಚು, ಪಲ್ಯ ಕಡಿಮೆ ಮಾಡಿಕೊಂಡು ತಿಂದರು. ಹತ್ತಿಬಟ್ಟೆ ಎಳೆದು ಹಂದರಕ್ಕೆ ಬಿಗಿದರು. ಮೇಣ ಸವರಿದ ದಾರ, ಅಂಗುಲಕ್ಕೆ ಲೆಕ್ಕದ ಹೊಲಿಗೆ, ಪ್ರತಿ ಹೊಲಿಗೆಗೂ ಗಂಟು. ದ್ರವದ ಮೊದಲ ಕೈ ಬಳಿದು, ಒಣಗಿಸಿ, ಎರಡನೆಯ ಕೈ. ಭಾನುವಾರ ಮೋಡ ಮುಚ್ಚಿ ಒಣಗುವುದು ತಡವಾಯಿತು. ಮೆಹಬೂಬಿ ಕಬ್ಬಿಣದ ಒಲೆಗಳನ್ನು ತರಿಸಿ ಮೂಲೆಗಳಲ್ಲಿ ಇಡೋಣ ಎಂದಳು. ಆ ದ್ರವಕ್ಕೆ ಬೆಂಕಿ ತಾಗಿದರೆ ಷೆಡ್ಡೇ ಇರುವುದಿಲ್ಲ ಎಂದು ನೀಲಗಂಗಾ ತಡೆದಳು. ಬೀಸಣಿಗೆ ಹಿಡಿದು ಸರದಿಯ ಮೇಲೆ ಗಾಳಿ ಹಾಕಿದರು. ನಾಲ್ಕನೆಯ ಕೈ ಒಣಗಿ ಬೆರಳು ಬಡಿದರೆ ಢಣ್ ಎನ್ನುವ ಹೊತ್ತಿಗೆ ಸೋಮವಾರ ಹನ್ನೊಂದು ಗಂಟೆ.

ಪರೀಕ್ಷಕ ತ್ರಿಪಾಠಿ ಮೂವತ್ತು ದಾಟದ, ಮಿತಭಾಷಿ ಮನುಷ್ಯ. ರೈಲಿನಲ್ಲಿ ಬಂದಿದ್ದ. ನೀಲಗಂಗಾ ತಾನು ಬರೆದಿಟ್ಟ ಎರಡು ಪುಟದ ಹೇಳಿಕೆಯನ್ನು ಅವನ ಕೈಗಿಟ್ಟಳು. ಅದರಲ್ಲಿ ಹನ್ನೊಂದು ಹೆಸರು ಇರಲಿಲ್ಲ. ಕೊನೆಯ ಹೊಲಿಗೆ ಮುಗಿಯುವ ತನಕ ನಿಂತು ನೋಡದೆ ಸಹಿ ಹಾಕಿದವಳ ಹೆಸರು ಮಾತ್ರ ಇತ್ತು. ಅವನು ಎರಡು ಸಲ ಓದಿದ. ತಟ್ಟೆಯಲ್ಲಿದ್ದ ಒಣ ತುತ್ತುಗಳನ್ನು ನೋಡಿದ. ಹೊಸ ಪಟ್ಟಿಯನ್ನು ಅಲಗಿನ ಮೇಲೆ ಇಡಿಸಿದ. ಅದು ಅಲುಗದೆ ನಿಂತಿತು.

"ನೀವು ಇನ್ನು ಸಹಿ ಹಾಕುವಂತಿಲ್ಲ" ಎಂದ ಹಿಂದಿಯಲ್ಲಿ. "ಇವತ್ತಿನ ಕಾಗದಕ್ಕೆ ಖತೀಬರ ಸಹಿ ಸಾಕು. ಆದರೆ ಒಳಗೆ ಏನೂ ಇಲ್ಲ ಎಂಬ ಈ ಹೆಂಗಸರ ಮಾತನ್ನು ನಾನು ಹೇಗೆ ನಂಬಲಿ? ಹೊಲಿದವರಲ್ಲಿ ಒಬ್ಬರು ಪರೀಕ್ಷಾ ಹಾರಾಟದಲ್ಲಿ ಕೂರಲಿ. ನಾನೂ ಕೂರುತ್ತೇನೆ."

ನೀಲಗಂಗಾ ಅದನ್ನು ಕನ್ನಡಕ್ಕೆ ತಂದು ಹೇಳಿದಳು. ಹನ್ನೊಂದು ಮಂದಿಯಲ್ಲಿ ಯಾರೂ ರೈಲಿಗಿಂತ ಎತ್ತರದ್ದನ್ನು ಹತ್ತಿದವರಲ್ಲ. ಫಕೀರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸುರು ಮಾಡಿದಾಕಿ ನಾನ. ನಡೀರಿ."

"ಅತ್ತಿ, ನಿಮ್ಮ ಮೊಣಕಾಲು—"

"ಹಾರೂದು ಅದು. ನಾ ಕುಂಡ್ರಾಕಿ."

ಪಟ್ಟಿಯನ್ನು ರೆಕ್ಕೆಗೆ ಮರಳಿ ಸಿಕ್ಕಿಸಿದ ಮೇಲೆ ಎಂಜಿನುಗಳು ಒಂದಾದ ಮೇಲೊಂದು ಕೆಮ್ಮಿ, ಹೊಗೆ ಉಗುಳಿ, ಆಮೇಲೆ ದನಿ ಕೂಡಿಸಿದವು. ಹತ್ತು ಮಂದಿ ಹೆಂಗಸರು ಷೆಡ್ಡಿನ ಬಾಗಿಲಲ್ಲಿ ನಿಂತರು. ನೀಲಗಂಗಾ ಒಳಗೆ ಹೋಗಿ ಕತ್ತರಿಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ತೂಗುಹಾಕಿದಳು. ಬಳಿದ ಲೆಕ್ಕ, ಗಂಟಿನ ಲೆಕ್ಕ, ಎಲ್ಲವನ್ನೂ ಮನಸ್ಸಿನಲ್ಲಿ ಮತ್ತೆ ಮಾಡಿದಳು. ಲೆಕ್ಕ ಸರಿಯಿತ್ತು. ಹೋದ ಸಲವೂ ಸರಿಯೇ ಇತ್ತು.

ಇಪ್ಪತ್ತೈದು ನಿಮಿಷಕ್ಕೆ ವಿಮಾನ ಇಳಿಯಿತು. ಮೊದಲು ತ್ರಿಪಾಠಿ ಇಳಿದ, ಮುಖ ಸ್ವಲ್ಪ ಬಿಳಿಚಿತ್ತು. ಹಿಂದೆ ದೇಸಾಯಿಯವರು ಫಕೀರವ್ವನ ಕೈ ಹಿಡಿದು ಏಣಿ ಇಳಿಸಿದರು.

"ವೇಗ ನೂರಾ ಅರವತ್ತರ ತನಕ ಒಯ್ದೆ" ಎಂದರು ಖತೀಬರಿಗೆ. "ಚಕ್ರದ ಮ್ಯಾಲಿಂದ ಎರಡೂ ಕೈ ಬಿಟ್ಟು ಕೂತೆ. ಜುಮ್ ಅನ್ನಲಿಲ್ಲ."

ತ್ರಿಪಾಠಿ ಕಾಗದ ತೆರೆದು ಫಕೀರವ್ವನ ಕಡೆ ತಿರುಗಿದ. ರೆಕ್ಕೆಯ ಪಕ್ಕದಲ್ಲೇ ಕೂತಿದ್ದವಳು ಅವಳು; ನಡುಕವೇನಾದರೂ ಕಂಡಿತೇ ಎಂದು ಕೇಳಿದ. ನೀಲಗಂಗಾ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು.

ಫಕೀರವ್ವ ಸ್ವಲ್ಪ ಯೋಚಿಸಿದಳು. ಮುಚ್ಚಿಟ್ಟು ಮೂರು ದಿನ ಅನುಭವಿಸಿದವಳು ಅವಳು. "ನಡಗ್ತಿತ್ತು" ಎಂದಳು.

ಖತೀಬರು ತಲೆ ಎತ್ತಿದರು.

"ನನ್ನ ಕೈ" ಎಂದಳು ಫಕೀರವ್ವ. "ಇಳದ ಮ್ಯಾಲೂ ನಿಂತಿಲ್ಲ, ನೋಡ್ರಿ. ಅದರದು ನಾ ಕುಂತಾಗಿಂದ ನೋಡ್ಕೊಂತ ಬಂದೀನಿ. ಅದು ಅಳ್ಳಾಡಿಲ್ಲ."

ನೀಲಗಂಗಾ ಒಂದು ಮಾತೂ ಬಿಡದೆ ಹಿಂದಿಗೆ ತಂದಳು. ತ್ರಿಪಾಠಿ ಒಂದು ಮಾತೂ ಬಿಡದೆ ಬರೆದುಕೊಂಡ. ಸಹಿ ಹಾಕಿದ. ಆಮೇಲೆ ಕೈ ಚಾಚಿದ. ಅವಳು ಕೊರಳಿನ ದಾರದಿಂದ ಬಟ್ಟೆ ವಿಭಾಗದ ಮುದ್ರೆಯನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

ಒಂದೂಮುಕ್ಕಾಲಿಗೆ ಪ್ರಯೋಗಾಲಯದ ಗಾಡಿ ಬಂತು. ಆರು ಪೆಟ್ಟಿಗೆ, ಒಂದೊಂದರ ಮೇಲೂ ಒಂದು ಮಗುವಿನ ಹೆಸರು ಮತ್ತು ಗಂಟೆ. ಎತ್ತಿ ಕೊಡಲು ಕೈ ಸಾಲಲಿಲ್ಲವೆಂದು ಹೆಂಗಸರು ಗಾಡಿಯಿಂದ ವಿಮಾನದ ಬಾಗಿಲ ತನಕ ಸಾಲು ನಿಂತರು. ನೀಲಗಂಗಾ ಸಾಲಿನ ಕೊನೆಗೆ, ಹನ್ನೆರಡನೆಯವಳಾಗಿ ನಿಂತಳು.